ಇಲ್ಲದ ಬೇರು

ಬಚ್ಚಲ ಕೊಳಚೆ ಪೈಪಿನ ಚೇಂಬರಿನ ಮುಚ್ಚಳದ ಸಂದಿಗೆ ಹಾರೆಯ ತುದಿ ಸಿಕ್ಕಿಸಿ ಅವನು ಕುಕ್ಕರುಗಾಲಲ್ಲಿ ಕೂತೇ ಇದ್ದ. ಒಂದು ಸಲ ಮೀಟಿದರೆ ಮುಚ್ಚಳ ಏಳುತ್ತದೆ. ಅದು ಅವನ ಕೈಗೆ ಗೊತ್ತು, ಕೈ ಕಾಯುತ್ತಲೂ ಇತ್ತು, ಮನಸ್ಸು ಮಾತ್ರ ಬೇಡ ಅನ್ನುತ್ತಿತ್ತು. ತಲೆಯ ಮೇಲೆ ನೇರಳೆ ಮರದ ಮೊದಲ ಕವಲಿನಲ್ಲಿ ಮರ ಕಡಿಯುವವನು ಸಿಳ್ಳೆ ಹಾಕುತ್ತ ಹಗ್ಗ ಬಿಗಿಯುತ್ತಿದ್ದ. ಮರ ಹತ್ತಿದವನ ಚಪ್ಪಲಿಗಳು ಬುಡದಲ್ಲಿ ಒಂದರ ಪಕ್ಕ ಒಂದು ಶಿಸ್ತಾಗಿ ಕೂತಿದ್ದವು, ದೊಡ್ಡ ಮನುಷ್ಯರ ಮನೆಗೆ ಊಟಕ್ಕೆ ಬಂದವನು ಹೊರಗೆ ಬಿಟ್ಟು ಹೋದ ಹಾಗೆ. ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಈ ಹಾಸ್ಟೆಲ್ಲಿಗೆ ಕೊಳಾಯಿ ಕೆಲಸಕ್ಕೆಂದು ಹಾರೆ ಹಿಡಿದವನು ಬರಲು ಶುರುಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ನಿನ್ನೆ ವಾರ್ಡನ್ ಫೋನಿನಲ್ಲಿ, “ಪೈಪು ಮತ್ತೆ ಕಟ್ಟಿಕೊಂಡಿದೆ, ನಾಳೆ ಬಾರಪ್ಪ. ಇದೇ ಕೊನೇ ಸಲ” ಅಂದಿದ್ದರು. ಕೊನೇ ಸಲ ಅಂದರೆ ಬೇರೆ ಯಾರನ್ನೋ ಗೊತ್ತುಮಾಡಿದ್ದಾರೆ ಎಂದುಕೊಂಡು, ತನ್ನಿಂದೇನು ತಪ್ಪಾಯಿತು ಎಂದು ದಾರಿಯುದ್ದಕ್ಕೂ ಸ್ಕೂಟರಿನ ಮೇಲೆ ಲೆಕ್ಕಹಾಕುತ್ತ ಬಂದಿದ್ದ. ಗೇಟಿನೊಳಗೆ ಕಾಲಿಟ್ಟಾಗ ಕಂಡದ್ದು ಹಗ್ಗ.

“ಇನ್ಮೇಲೆ ನಿನಗೂ ನೆಮ್ಮದಿ, ನನಗೂ ನೆಮ್ಮದಿ” ಎಂದು ವಾರ್ಡನ್ ಜಗಲಿಯಿಂದಲೇ ಕೂಗಿದ್ದರು. ಕೈಯಲ್ಲಿ ಬೀಗದಕೈ ಗೊಂಚಲು, ಮುಖದಲ್ಲಿ ಪರೀಕ್ಷೆ ಪಾಸಾದ ಖುಷಿ.

“ಮರ ಕಡಿಸ್ತಾ ಇದೀರಾ ಮೇಡಂ?”

“ಮತ್ತಿನ್ನೇನು? ವರ್ಷಕ್ಕೆ ನಾಲ್ಕು ಸಲ ನೀನೇ ತಾನೆ ಹೇಳೋದು, ಪೈಪಲ್ಲಿ ಮರದ ಬೇರು ಅಂತ. ಕಮಿಟಿಯವರಿಗೆ ಆರು ತಿಂಗಳಿಂದ ಕಾಗದ ಬರೆದು ಬರೆದು ಕೈ ಬಿದ್ದುಹೋಯ್ತು. ನಿನ್ನ ಮಾತನ್ನೇ ಹಾಕಿದೆ ನೋಡು, ‘ನುರಿತ ಕೆಲಸಗಾರರ ಅಭಿಪ್ರಾಯದಂತೆ’ ಅಂತ.”

ನುರಿತ ಕೆಲಸಗಾರ. ಹುಟ್ಟಿದಾಗಿನಿಂದ ಅವನನ್ನು ಯಾರೂ ಕಾಗದದ ಮೇಲೆ ಹೊಗಳಿರಲಿಲ್ಲ. ಹೊಗಳಿದ್ದು ಈಗ, ಅವನು ಹೇಳಿದ ಸುಳ್ಳಿಗೆ. ಈ ಪೈಪನ್ನು ಹಾಕಿದವನೂ ಅವನೇ. ಮರದ ಬುಡದಿಂದ ಎರಡು ಮಾರು ದೂರ ಬಿಟ್ಟು, ಗೋಡೆಯ ಬದಿಯಲ್ಲಿ ಸುತ್ತುಬಳಸಿ, ಒಂದೊಂದು ಜಾಯಿಂಟನ್ನೂ ಮಗುವಿನ ಮೂಗು ಒರೆಸುವಷ್ಟು ಜೋಪಾನವಾಗಿ ಒರೆಸಿ ಕೂಡಿಸಿದ್ದ. ಆ ಮರದ ಒಂದು ಎಳೆ ಬೇರೂ ಇವತ್ತಿನವರೆಗೆ ಒಳಗೆ ನುಗ್ಗಿಲ್ಲ. ಬೇರು ಬಂತು ಅಂದರೆ ಕೆಲಸ ಸರಿಯಿಲ್ಲ ಅಂತಲೇ ಅರ್ಥ. ಇಪ್ಪತ್ತೆರಡು ವರ್ಷ ತನ್ನ ಕೆಲಸದ ಮೇಲೆ ತಾನೇ ಚಾಡಿ ಹೇಳುತ್ತ ಬಂದಿದ್ದ. ಅದರಿಂದ ಅವನಿಗೆ ನೋವಾಗಿರಲಿಲ್ಲ. ಜಾಯಿಂಟಿಗೆ ಮಾನ ಇಲ್ಲ, ಹೋದರೆ ಹೋಗಲಿ. ಆದರೆ ಈ ಮರ ಇತ್ತಲ್ಲ. ಪ್ರತಿ ಸಲವೂ ಕೆಲಸ ಮುಗಿಸಿ ಕೈಕಾಲು ತೊಳೆದು ಅದರ ಕೆಳಗೇ ಕೂತು ಚಹಾ ಕುಡಿದಿದ್ದ. ಹಣ್ಣಿನ ಕಾಲದಲ್ಲಿ ಹುಡುಗಿಯರು ನಾಲಗೆ ಚಾಚಿ ಯಾರದ್ದು ಹೆಚ್ಚು ನೀಲಿ ಎಂದು ಅವನನ್ನೇ ತೀರ್ಪು ಕೇಳುತ್ತಿದ್ದರು. ಯಾರೋ ಒಬ್ಬಳು ಬಿಳಿ ಅಂಗಿಯ ಮೇಲೆ ಕಲೆ ಮಾಡಿಕೊಂಡು ಅತ್ತಿದ್ದಳು. ಅವನು, “ಅಳಬೇಡಮ್ಮಾ, ಕಲೆ ಅಲ್ವಾ, ಒಗೆದ್ರೆ ಹೋಗುತ್ತೆ” ಅಂದಿದ್ದ. ಹೋಗಿತ್ತೋ ಇಲ್ಲವೋ.

ಮೊದಲನೇ ಸಲ ಕಟ್ಟಿಕೊಂಡದ್ದು ವಾರ್ಡನ್ನರ ಸ್ವಂತ ಬಚ್ಚಲಿನಲ್ಲಿ. ಆಗವರಿಗೆ ಮೂವತ್ತೂ ಇರಲಿಲ್ಲ. ಹೊಸ ಕೆಲಸ, ಒಂದು ಕೋಣೆ, ಒಂದು ಮಂಚ, ಗೋಡೆಗೆ ತಗುಲಿಹಾಕಿದ ಕನ್ನಡಿ. ಕಮೋಡಿನ ನೀರು ಹಿಂದಕ್ಕೆ ಬಂದು ಮಂಚದ ಕಾಲು ಮುಟ್ಟಿತ್ತು. ಅವರು ಚಪ್ಪಲಿ, ಪುಸ್ತಕ, ಟ್ರಂಕು ಎಲ್ಲವನ್ನೂ ಮಂಚದ ಮೇಲೆ ಪೇರಿಸಿ, ತಾವು ಹೊಸ್ತಿಲಲ್ಲಿ ಸೆಟೆದು ನಿಂತಿದ್ದರು. ಅವನು ಬಿದಿರಿನ ದಬ್ಬೆ ತೂರಿಸಿ ತಿರುವಿ ಎಳೆದಾಗ, ನೀರು ಕುಡಿದು ದಿಂಬಿನಂತೆ ಉಬ್ಬಿದ ಒಂದು ಪ್ಯಾಡು ತುದಿಗೆ ಸಿಕ್ಕಿಕೊಂಡು ಬಂತು. ಅವನು ತಿರುಗಿ ನೋಡಲಿಲ್ಲ. ಆದರೂ ಬೆನ್ನಿಗೆ ಗೊತ್ತಾಗುತ್ತದೆ, ಹಿಂದೆ ನಿಂತವರು ಉಸಿರು ಹಿಡಿದರೆ. ಊರಿಗೆ ಹೊಸಬರು, ಒಂಟಿ ಹೆಣ್ಣುಮಗಳು, ನಾಳೆಯಿಂದ ನಲವತ್ತು ಹುಡುಗಿಯರಿಗೆ ಶಿಸ್ತು ಹೇಳಬೇಕಾದವರು. ಅವನು ಅದನ್ನು ತಟ್ಟನೆ ಹಳೇ ಪೇಪರಿನೊಳಗೆ ಸುತ್ತಿ, “ಬೇರು ಮೇಡಂ. ಮರದ ಬೇರು ಒಳಗೆ ಬಂದುಬಿಟ್ಟಿದೆ” ಅಂದ. ಆಮೇಲೆ ಅವರು, “ಓ, ಬೇರಾ” ಅಂದರು. ಅವತ್ತು ಚಹಾ ಬಂದದ್ದು ಕೆಲಸದವರ ಲೋಟದಲ್ಲಲ್ಲ, ಅವರದೇ ಹೂವಿನ ಚಿತ್ರದ ಕಪ್ಪಿನಲ್ಲಿ.

ಒಂದು ಸುಳ್ಳಿಗೆ ಅಷ್ಟು ಒಳ್ಳೆಯ ಚಹಾ ಸಿಕ್ಕಿದ ಮೇಲೆ ಯಾರು ಬಿಡುತ್ತಾರೆ? ಅವನು ಊರಿಗೆಲ್ಲ ಅದನ್ನೇ ಹೇಳಿದ. ಅತ್ತೆ ಸೊಸೆ ಇರುವ ಮನೆಯಲ್ಲಿ ಬೇರು, ಮೂರು ಹೆಣ್ಣುಮಕ್ಕಳ ಅಪ್ಪ ಗುರುಗುಟ್ಟುತ್ತ ಪಕ್ಕದಲ್ಲೇ ನಿಂತಿದ್ದ ಮನೆಯಲ್ಲಿ ಬೇರು, ಸುತ್ತ ಒಂದು ಹುಲ್ಲುಕಡ್ಡಿಯೂ ಇಲ್ಲದ ಬ್ಯಾಂಕಿನಲ್ಲಿ ಬೇರು. ಒಬ್ಬ ಮೇಷ್ಟ್ರು ಮಾತ್ರ ಕನ್ನಡಕದ ಮೇಲಿಂದ ನೋಡಿ, “ಅಲ್ಲಯ್ಯಾ, ಮೂರನೇ ಮಹಡಿಗೆ ಬೇರು ಹೇಗಯ್ಯಾ ಹತ್ತುತ್ತೆ?” ಎಂದು ಕೇಳಿದ್ದರು. “ನೀರಿನ ವಾಸನೆ ಸಾರ್. ಅದಕ್ಕೆ ಮೆಟ್ಟಿಲು ಬೇಕಾ?” ಅಂದಿದ್ದ. ಮೇಷ್ಟ್ರ ಹೆಂಡತಿ ಒಳಗಿನಿಂದ ಕೆಮ್ಮಿದರು. ಅದು ಕೆಮ್ಮಲ್ಲ, ನಗು. ಹಾಸ್ಟೆಲ್ಲಿನ ಹುಡುಗಿಯರಂತೂ ಅವನಿಗೆ ಬೇರಂಕಲ್ ಎಂದೇ ಹೆಸರಿಟ್ಟರು. ಗೇಟಿನಲ್ಲಿ ಸ್ಕೂಟರ್ ಸದ್ದಾದರೆ, “ಬೇರಂಕಲ್ ಬಂದ್ರು, ಬೇರಂಕಲ್ ಬಂದ್ರು” ಎಂದು ಮಹಡಿಯಿಂದ ಮಹಡಿಗೆ ಸುದ್ದಿ ಹೋಗುತ್ತಿತ್ತು. ಅವನು ಮುಚ್ಚಳ ಎತ್ತುವಷ್ಟರಲ್ಲಿ ಅಂಗಳ ಖಾಲಿ. ಕಿಟಕಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಅವರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ನಡುವೆ ಬೇರು ಎಂಬ ಮಾತು ಪರದೆಯ ಹಾಗೆ ತೂಗುತ್ತಿತ್ತು. ಬಚ್ಚಲುಗಳಲ್ಲಿ ಒಂದು ಕಸದ ಡಬ್ಬಿಯಾದರೂ ಇಡಿ ಎಂದು ಹೇಳಬಹುದಿತ್ತು. ಇದ್ದ ಒಂದೇ ಡಬ್ಬಿ ಗೇಟಿನ ಬಳಿ, ಕಾವಲುಗಾರನ ಕುರ್ಚಿಯ ಪಕ್ಕ. ಕೈಯಲ್ಲಿ ಪೊಟ್ಟಣ ಹಿಡಿದು ಅಂಗಳ ದಾಟಿ ಅವನ ಮುಂದೆ ಹೋಗಿ ಹಾಕಬೇಕು. ಯಾವ ಹುಡುಗಿ ಹೋಗುತ್ತಾಳೆ? ಚೈನು ಎಳೆದರೆ ಆಯಿತು, ಕಣ್ಣಿಗೆ ಮರೆ. ಇದನ್ನು ವಾರ್ಡನ್ನರಿಗೆ ಹೇಳಬೇಕಾದರೆ ಡಬ್ಬಿ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಆ ಯಾಕೆಯ ಹತ್ತಿರ ಬಂದಾಗಲೆಲ್ಲ ಅವನ ನಾಲಗೆ ಒದ್ದೆ ಬಟ್ಟೆಯಾಗುತ್ತಿತ್ತು.

ತೆಗೆದದ್ದನ್ನೆಲ್ಲ ಪೇಪರಿನಲ್ಲಿ ಸುತ್ತಿ, ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪಿನಿಂದ ಎರಡು ಸುತ್ತು ಬಿಗಿದು, ಸ್ಕೂಟರಿನ ಬಕೆಟ್ಟಿನಲ್ಲಿಟ್ಟು, ಊರಾಚೆ ಇಟ್ಟಿಗೆ ಗೂಡಿನವರು ಮಣ್ಣು ತೆಗೆದು ಬಿಟ್ಟಿದ್ದ ಹೊಂಡಕ್ಕೆ ಹಾಕುತ್ತಿದ್ದ. ಹಾಕಿ ಬೆನ್ನು ತಿರುಗಿಸಿದರೆ ಮುಗಿಯಿತು, ಮಣ್ಣು ತಿಂದುಕೊಳ್ಳುತ್ತದೆ. ಮಣ್ಣು ಏನನ್ನು ತಾನೇ ತಿನ್ನುವುದಿಲ್ಲ, ಅವನ ಅಪ್ಪನನ್ನು ತಿಂದಿತ್ತು, ಅವ್ವನನ್ನು ತಿಂದಿತ್ತು. ಹೋದ ವರ್ಷ ಹೊಸ ರಸ್ತೆಗೆಂದು ಆ ಹೊಂಡದಲ್ಲಿ ಜೆಸಿಬಿ ಇಳಿಯಿತು. ಅವನು ಸುಮ್ಮನೆ ಎಲ್ಲರ ಜೊತೆ ನೋಡಲು ನಿಂತಿದ್ದ. ಜೆಸಿಬಿಯ ಬಾಯಿ ಮೇಲೆದ್ದಾಗ ಕರಿ ಮಣ್ಣಿನ ನಡುವೆ ಪದರ ಪದರವಾಗಿ ಬೆಳ್ಳಗೆ ಕಂಡಿತು. ಪೇಪರಿರಲಿಲ್ಲ, ಪೇಪರು ಎಂದೋ ಮಣ್ಣಾಗಿತ್ತು. ಅದರೊಳಗಿನದ್ದು ಹಾಗೇ ಇತ್ತು, ಹಾಕಿದವನು ಈಗಷ್ಟೇ ಕೈ ಒರೆಸಿಕೊಂಡು ಹೋದ ಹಾಗೆ. ಸುತ್ತ ಬಿಳಿ ಟೇಪು, ಎರಡೇ ಸುತ್ತು. ಊರಿನಲ್ಲಿ ಪೊಟ್ಟಣಕ್ಕೆ ಆ ಟೇಪು ಸುತ್ತುವವನು ಒಬ್ಬನೇ. ತುಂಬಿದ ಬೀದಿಯಲ್ಲಿ ಯಾರೋ ಹೆಸರು ಹಿಡಿದು ಕೂಗಿದ ಹಾಗಾಗಿ ಅವನು ಹಿಂದೆ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ಒಬ್ಬಾತ ಮೂಗು ಮುಚ್ಚಿಕೊಂಡು, “ಥೂ, ಈ ಹೆಂಗಸರು” ಅಂದ. ಅವನಿಗೆ, ಹೆಂಗಸರಲ್ಲ ಸ್ವಾಮೀ, ನಾನು, ಅನ್ನಬೇಕೆನಿಸಿತ್ತು.

ಮನೆಗೆ ಬಂದು ಹೆಂಡತಿಗೆ ಮಾತ್ರ ಹೇಳಿದ್ದ. ಮದುವೆಯಾದ ಹೊಸತರಲ್ಲಿ ಅವಳು ಬಟ್ಟೆಯ ತುಂಡುಗಳನ್ನು ಒಗೆದು, ಯಾರಿಗೂ ಕಾಣದಂತೆ ಮಂಚದ ಕೆಳಗೆ ದಾರ ಕಟ್ಟಿ ಒಣಗಿಸುತ್ತಿದ್ದಳು. ಗಾಳಿ ಬಿಸಿಲಿಲ್ಲದೆ ಅವು ಮೂರು ದಿನವಾದರೂ ತಣ್ಣಗೇ ಇರುತ್ತಿದ್ದವು. ಬಿದ್ದ ಬೀಡಿ ಹುಡುಕಲು ಬಗ್ಗಿದಾಗ ಒಂದು ದಿನ ಅವನಿಗೆ ಕಂಡಿತ್ತು. ಅದನ್ನು ನೋಡಿ ಏನೂ ಹೇಳದೆ ಔಷಧಿ ಅಂಗಡಿಗೆ ಹೋಗಿ, ಗಿರಾಕಿಗಳೆಲ್ಲ ಹೋಗುವವರೆಗೂ ಕೆಮ್ಮಿನ ಔಷಧಿಯ ಹೆಸರುಗಳನ್ನು ಓದುತ್ತ ನಿಂತು, ಬೆರಳು ತೋರಿಸಿ ಒಂದು ಪ್ಯಾಕೆಟ್ಟು ತಂದಿದ್ದ. ಅವಳು ಅದನ್ನು ಒಡವೆಯ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವರ ಸಂಸಾರದಲ್ಲಿ ಅವನು ಮಾಡಿದ ಒಳ್ಳೆಯ ಕೆಲಸಗಳ ಪೈಕಿ ಅವಳು ಈಗಲೂ ಮೊದಲು ಹೇಳುವುದು ಅದನ್ನೇ. ಹೊಂಡದ ವಿಷಯ ಕೇಳಿ ಅವಳು ಒಲೆ ಆರಿಸಿ ಪಕ್ಕಕ್ಕೆ ಬಂದು ಕೂತಳು. ಅವಳ ಮುಟ್ಟು ನಿಂತು ಐದು ವರ್ಷವಾಗಿತ್ತು. “ನಂದೂ ಎಲ್ಲೋ ಹಾಗೇ ಇರುತ್ತೆ ಅಲ್ವೇನ್ರೀ” ಅಂದಳು. “ನಾವಿಬ್ರೂ ಹೋದ ಮೇಲೂ ಇರುತ್ತೆ. ನೋಡಿ, ಮಕ್ಕಳಿಲ್ಲ ಅಂತ ಅಷ್ಟು ವರ್ಷ ಅತ್ತಿದ್ದೆ. ಉಳಿಯೋಕೆ ನಂದು ಅಂತ ಅದಾದ್ರೂ ಇದೆ.” ಅವಳು ನಕ್ಕಳು. ಅವನಿಗೆ ನಗಲಾಗಲಿಲ್ಲ, ಅವಳ ಕೈಮೇಲೆ ಕೈಯಿಟ್ಟು ಕೂತಿದ್ದ.

ಮೇಲೆ ಗರಗಸದ ಸದ್ದು ಶುರುವಾಯಿತು. ಹಸಿ ಹೊಟ್ಟು ಅವನ ಹೆಗಲ ಮೇಲೆ, ಮುಚ್ಚಳದ ಮೇಲೆ ಉದುರಿತು. ಅವನು ಹಾರೆ ಬಿಟ್ಟು ಎದ್ದು, ನೀರಿನ ಟ್ಯಾಂಕಿನ ಹಿಂದೆ ಹೋಗಿ ಫೋನು ಹಚ್ಚಿದ.

“ಏನ್ರೀ, ಇಷ್ಟು ಬೇಗ ಮುಗೀತಾ?”

“ಇಲ್ವೇ. ಮರ ಕಡಿಸ್ತಾ ಇದಾರೆ. ಬೇರು ಅಂತ. ನಾನು ಹೇಳಿದ್ದಕ್ಕೆ.”

ಆ ಕಡೆ ಒಗ್ಗರಣೆಯ ಸದ್ದು ನಿಂತಿತು. “ಅಯ್ಯೋ ನಿಮ್ಮ. ಹೋಗಿ ಹೇಳ್ರೀ, ಬೇರಲ್ಲ ಅಂತ.”

“ಹಾಗಾದ್ರೆ ಏನು ಅಂತ ಕೇಳ್ತಾರಲ್ಲ.”

“ಪ್ಯಾಡು ಅಂತ ಹೇಳಿ. ಎರಡಕ್ಷರ. ಬಾಯಿ ಸುಟ್ಟುಹೋಗುತ್ತಾ?”

“ನಲವತ್ತು ಹುಡುಗೀರು ಕಣೇ. ಮೇಡಂ ಬೇರೆ.”

“ನಂಗೊಂದು ಸಲ ಹೇಳಿ ನೋಡೋಣ.”

“ಪ್ಯಾ...”

“ಏನದು, ಬೆಕ್ಕಿನ ಮರಿ ಕೂಗಿದ ಹಾಗೆ? ಜೋರಾಗಿ.”

“ಪ್ಯಾಡು!” ಅಂದ. ಟ್ಯಾಂಕಿನ ಆಚೆ ಬದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಹುಡುಗಿಯೊಬ್ಬಳು ಸೋಪು ಕೈಬಿಟ್ಟು ಬಗ್ಗಿ ನೋಡಿದಳು. ದಾದಿ ಕೆಲಸದವಳು, ರಾತ್ರಿಪಾಳಿ ಮುಗಿಸಿ ಬಂದವಳು, ಕಣ್ಣಿನ ಕೆಳಗೆ ಕಪ್ಪು. “ಬೇರಂಕಲ್, ನಂಗೇನಾದ್ರೂ ಹೇಳಿದ್ರಾ?” ಅವನು ಇಲ್ಲವೆಂದು ತಲೆಯಾಡಿಸಿದ. ಕಿವಿ ಕಾದ ಕಬ್ಬಿಣವಾಗಿತ್ತು. ಫೋನಿನೊಳಗೆ ಹೆಂಡತಿ ಇನ್ನೂ, “ಹಾಂ, ಅಷ್ಟೇ. ಹಾಗೇ ಹೋಗಿ ಹೇಳಿಬಿಡಿ. ಅಂದಹಾಗೆ ಕತ್ತಿನ ಬೆವರು ಒರೆಸ್ಕೊಳ್ಳಿ” ಎನ್ನುತ್ತಿದ್ದಳು. ಇವಳಿಗೆ ಅಲ್ಲಿಂದ ಕತ್ತು ಹೇಗೆ ಕಾಣುತ್ತದೆ?

ಒರೆಸಿಕೊಳ್ಳುವಷ್ಟರಲ್ಲಿ ಮೊದಲ ಕೊಂಬೆ ಬಿತ್ತು. ಬಿದ್ದ ಸದ್ದಿಗಿಂತ ಅದರ ಹಿಂದೆ ಅಂಗಳಕ್ಕೆ ಬಂದ ಬಿಸಿಲು ಅವನಿಗೆ ಹೊಡೆಯಿತು. ಇಪ್ಪತ್ತೆರಡು ವರ್ಷದಲ್ಲಿ ಆ ಜಾಗಕ್ಕೆ ಬಿಸಿಲು ಬಿದ್ದದ್ದನ್ನು ಅವನು ನೋಡಿರಲಿಲ್ಲ. ಕೆಲಸಕ್ಕೆ ಹೊರಟಿದ್ದ ಹುಡುಗಿಯರು ಬ್ಯಾಗು ತಗುಲಿಸಿಕೊಂಡು ಮೆಟ್ಟಿಲ ಮೇಲೇ ನಿಂತುಬಿಟ್ಟಿದ್ದರು. ಯಾರೋ ಒಬ್ಬಳು “ಅಯ್ಯೋ” ಅಂದಳು.

“ನಿಲ್ಲಿಸೋ! ನಿಲ್ಲಿಸು ಮಾರಾಯ, ಕೈ ಮುಗೀತೀನಿ” ಎಂದು ಅವನು ಮೇಲೆ ನೋಡಿ ಕೂಗಿದ. ಗರಗಸ ನಿಂತಿತು.

ವಾರ್ಡನ್ ಜಗಲಿಯಿಂದ ಇಳಿದು ಬಂದರು. “ಏನಪ್ಪಾ, ಏನಾಯ್ತು?”

“ಮೇಡಂ, ಬೇರಲ್ಲ.”

“ಏನು ಬೇರಲ್ಲ?”

“ಪೈಪಲ್ಲಿ. ಯಾವತ್ತೂ ಬೇರು ಇರಲಿಲ್ಲ. ನಾನೇ ಸುಮ್ನೆ ಹೇಳ್ತಿದ್ದೆ.” ಅವನು ಅವರ ಬೀಗದಕೈ ಗೊಂಚಲನ್ನು ನೋಡುತ್ತ ಹೇಳಿದ. “ಅದು... ಹೆಣ್ಣುಮಕ್ಕಳು ತಿಂಗಳಿಗೆ ಇಟ್ಕೊಳ್ಳೋದು. ಪ್ಯಾಡು. ಅದನ್ನ ಒಳಗೆ ಹಾಕಿ ನೀರು ಬಿಡ್ತಾರೆ. ಅದು ನೀರು ಕುಡಿದು ಉಬ್ಬುತ್ತೆ. ಹೋಗಲ್ಲ. ಒಂದರ ಹಿಂದೆ ಒಂದು ಕೂತುಬಿಡುತ್ತೆ.”

ಬಿದ್ದ ಕೊಂಬೆಯ ಎಲೆಗಳು ಇನ್ನೂ ಅಲುಗುತ್ತಿದ್ದವು. ಮೆಟ್ಟಿಲ ಮೇಲಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕೆಲವರು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದರು. ಒಬ್ಬಳು ಒಳಗೆ ಹೋಗಲು ತಿರುಗಿದವಳು ಹೋಗಲೂ ಆಗದೆ ಬಾಗಿಲು ಹಿಡಿದು ನಿಂತಳು. ಇವರ ಮುಖಗಳು ಹೀಗಾಗಬಾರದು ಎಂದೇ ಅಲ್ಲವೇ ಅವನು ಇಷ್ಟು ವರ್ಷ ಇಲ್ಲದ ಬೇರನ್ನು ನೀರೆರೆದು ಸಾಕಿದ್ದು.

“ನೀವು ಇಪ್ಪತ್ತೆರಡು ವರ್ಷದಿಂದ ನನಗೆ ಸುಳ್ಳು ಹೇಳ್ತಿದ್ರಾ?” ಎಂದರು ವಾರ್ಡನ್. ಅವರು ಬಹುವಚನಕ್ಕೆ ಹೋದರೆ ಹುಡುಗಿಯರು ನಡುಗುತ್ತಿದ್ದರು. ಅವನ ಮೇಲೆ ಅದನ್ನು ಪ್ರಯೋಗಿಸಿದ್ದು ಇದೇ ಮೊದಲು. “ನಾನು ಕಮಿಟಿಗೆ ಆರು ಕಾಗದ ಬರೆದಿದೀನಿ. ನಾಳೆ ಅವರ ಮುಂದೆ ನಾನು ಏನು ಹೇಳ್ಲಿ? ನುರಿತ ಕೆಲಸಗಾರರಂತೆ!”

“ತಪ್ಪಾಯ್ತು ಮೇಡಂ. ಮರಕ್ಕೆ ಏನೂ ಮಾಡಬೇಡಿ. ಬೇಕಾದ್ರೆ ನನ್ನ ಬಿಡಿಸಿ, ಬೇರೆಯವರನ್ನ ಕರೀರಿ.”

“ಎಲ್ಲಾ ಸಲವೂ ಅದೇನಾ?”

“ಹೂಂ ಮೇಡಂ.”

ಅವರ ದನಿ ಸ್ವಲ್ಪ ಇಳಿಯಿತು. “ಮೊದಲನೇ ಸಲವೂ?”

ಅವನು ಈಗ ತಲೆ ಎತ್ತಿದ. ಅವರ ಕೂದಲು ಬೆಳ್ಳಗಾಗಿತ್ತು. ಎಂದಿನಿಂದ ಎಂದು ಅವನು ಗಮನಿಸಿಯೇ ಇರಲಿಲ್ಲ. ಹಿಂದೆ ಮೆಟ್ಟಿಲ ತುಂಬ ಹುಡುಗಿಯರು, ನಾಳೆಯಿಂದ ಇವರಿಂದ ಮತ್ತೆ ಶಿಸ್ತು ಕಲಿಯಬೇಕಾದವರು. ಅವನಿಗೆ ಯೋಚಿಸಬೇಕಾಗಿಯೇ ಬರಲಿಲ್ಲ. “ಮೊದಲನೇ ಸಲ ಬೇರು ಮೇಡಂ” ಅಂದ. “ನಿಮ್ಮ ಕೋಣೇಲಿ ಮಾತ್ರ ನಿಜವಾಗ್ಲೂ ಬೇರು ಇತ್ತು. ಸಣ್ಣದು.” ಹೇಳುತ್ತಲೇ ಬೆರಳಿನಲ್ಲಿ ಎಷ್ಟು ಸಣ್ಣದು ಎಂದು ತೋರಿಸಿಯೂ ಬಿಟ್ಟ.

ವಾರ್ಡನ್ ಆ ಬೆರಳನ್ನೇ ನೋಡುತ್ತ ನಿಂತರು. ಅವರ ಮುಖದಲ್ಲಿ ಕೋಪ ಇತ್ತೋ, ನಗು ಇತ್ತೋ, ಅವನಿಗೆ ತಿಳಿಯಲಿಲ್ಲ. ಆಮೇಲೆ ಅವರು ಮೆಟ್ಟಿಲ ಕಡೆ ತಿರುಗಿದರು.

“ಇಲ್ಲ” ಅಂದರು, ಬೆಳಗಿನ ಹಾಜರಿ ಕರೆಯುವ ಗಟ್ಟಿ ದನಿಯಲ್ಲಿ. “ನಂದೂ ಅದೇ. ಈ ಹಾಸ್ಟೆಲ್ಲಿನಲ್ಲಿ ಮೊದಲು ಪೈಪು ಕಟ್ಟಿಕೊಳ್ಳೋ ಹಾಗೆ ಮಾಡಿದವಳು ನಾನು. ಈತ ನನ್ನ ಮಾನ ಉಳಿಸೋಕೆ ಬೇರು ಅಂದ. ಬೇರಲ್ಲ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಚಹಾ ಮಾಡಿಕೊಟ್ಟೆ. ಆಮೇಲೆ ಪ್ರತಿ ಸಲ ಬೇರು ಬೇರು ಅಂತ ಕೇಳಿ ಕೇಳಿ, ಇರಬಹುದೇನೋ ಅಂದ್ಕೊಂಡೆ. ನಂಬೋದು ಸುಲಭ ಇತ್ತು.”

ಬಾಗಿಲು ಹಿಡಿದಿದ್ದ ಹುಡುಗಿ ಕೈ ಬಿಟ್ಟಳು. ಒಗೆಯುವ ಕಲ್ಲಿನಿಂದ ಎದ್ದು ಬಂದಿದ್ದ ದಾದಿ ಹುಡುಗಿ, ಕೈಗಳಿಂದ ನೊರೆ ಸುರಿಯುತ್ತಿದ್ದ ಹಾಗೇ, “ನಾವಾದ್ರೂ ಎಲ್ಲಿ ಹಾಕೋಣ ಮೇಡಂ? ಡಬ್ಬಿ ಇರೋದು ಕಾವಲಣ್ಣನ ತೊಡೆ ಮೇಲೆ” ಅಂದಳು. ಮೆಟ್ಟಿಲ ಮೇಲೆ ಯಾರೋ ಕಿಸಕ್ಕನೆ ನಕ್ಕರು. ಆ ನಗು ಹರಡಿತು. ಗೇಟಿನ ಬಳಿ ಕಾವಲುಗಾರ ಎದ್ದು ನಿಂತು, ತನ್ನ ಕುರ್ಚಿಯನ್ನು ಡಬ್ಬಿಯಿಂದ ನಾಲ್ಕು ಹೆಜ್ಜೆ ದೂರ ಎಳೆದುಕೊಂಡ.

“ಡಬ್ಬಿ ಇವತ್ತೇ ಒಳಗೆ ಬರುತ್ತೆ. ಪ್ರತಿ ಬಚ್ಚಲಿಗೂ” ಎಂದು ವಾರ್ಡನ್ ಅವನ ಕಡೆ ತಿರುಗಿದರು. “ಡಬ್ಬಿಯಿಂದ ಮುಂದೆ ಎಲ್ಲಿಗೆ ಹೋಗುತ್ತಪ್ಪಾ? ನೀನು ತೆಗೆದದ್ದನ್ನೆಲ್ಲ ಎಲ್ಲಿ ಹಾಕ್ತಿದ್ದೆ?” ಮತ್ತೆ ಏಕವಚನಕ್ಕೆ ಬಂದಿದ್ದರು.

“ಹೊಂಡಕ್ಕೆ ಮೇಡಂ.”

“ಅಲ್ಲಿ ಕರಗುತ್ತಾ?”

ಇಲ್ಲಿ ಇನ್ನೊಂದು ಸಣ್ಣ ಸುಳ್ಳು ಹೇಳಿದ್ದರೆ ಎಲ್ಲರೂ ಹಗುರಾಗಿ ಬಸ್ಸು ಹಿಡಿಯಬಹುದಿತ್ತು. ಕರಗುತ್ತೆ ಮೇಡಂ, ಮಣ್ಣಲ್ವಾ, ನಿಧಾನಕ್ಕೆ. ನಾಲಗೆಯ ತುದಿಗೆ ಅದು ತಾನಾಗಿಯೇ ಬಂದು ಕೂತಿತ್ತು, ಹಳೇ ಅಭ್ಯಾಸ. “ಇಲ್ಲ ಮೇಡಂ” ಅಂದ. “ಮೇಲಿನ ಪೇಪರು ಕರಗುತ್ತೆ. ಅದು ಕರಗಲ್ಲ. ನಾನೇ ಹಾಕಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ನನ್ನ ಕಾಲಕ್ಕಂತೂ ಇಲ್ಲ. ಈ ಮಕ್ಕಳ ಕಾಲಕ್ಕೂ ಇಲ್ಲ ಅನ್ಸುತ್ತೆ.”

“ಹಾಗಾದ್ರೆ?”

“ನಂಗೊತ್ತಿಲ್ಲ ಮೇಡಂ. ನಮ್ಮನೇಲಿ ಬಟ್ಟೆ ಇತ್ತು ಮೊದಲು. ಒಣಗಿಸೋಕೆ ಬಿಸಿಲಿರಲಿಲ್ಲ. ಬಿಸಿಲಿಲ್ಲ ಅಂತಲ್ಲ, ಹೊರಗೆ ಹಾಕೋಕೆ ಮುಖ ಇರಲಿಲ್ಲ ಅವಳಿಗೆ.” ಹೆಂಡತಿಯ ವಿಷಯ ಅಷ್ಟು ಜನರೆದುರು ಹೇಳಿಬಿಟ್ಟೆನಲ್ಲ ಎಂದು ಅವನು ನಾಲಗೆ ಕಚ್ಚಿಕೊಂಡ. ಮನೆಗೆ ಹೋದ ಮೇಲೆ ಅವಳಿಗೆ ಹೇಳಬೇಕು, ಅವಳು ಬೈಯುತ್ತಾಳೆ, ಆಮೇಲೆ, ಮುಂದೆ ಏನಂದ್ರು, ಎಂದು ಕೇಳುತ್ತಾಳೆ. ದಾದಿ ಹುಡುಗಿ ಹತ್ತಿರ ಬಂದಿದ್ದಳು. “ಮಹಡಿ ಮೇಲೆ ಬೇಕಾದಷ್ಟು ಬಿಸಿಲಿದೆ ಮೇಡಂ” ಅಂದಳು. “ಅಲ್ಲಿ ಬಟ್ಟೆ ಒಣಗಿಸಬಾರದು ಅಂತ ಗೋಡೆ ಮೇಲೆ ನೀವೇ ಬರೆಸಿದೀರಿ.”

ಬರೆಸಿದ್ದು ನಿಜ. ವಾರ್ಡನ್ ಬೀಗದಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚೇಂಬರಿನ ಹತ್ತಿರ ಬಂದು ನಿಂತರು. “ಎತ್ತಪ್ಪಾ ಮುಚ್ಚಳ” ಅಂದರು. “ಬನ್ರೇ ಎಲ್ಲರೂ. ಬಸ್ಸು ಹೋದ್ರೆ ಇನ್ನೊಂದು ಬರುತ್ತೆ.”

ಅವನು ಹಾರೆ ಮೀಟಿದ. ಮುಚ್ಚಳ ಎದ್ದಿತು. ವಾಸನೆಗೆ ಮುಂದಿದ್ದವರು ಒಂದು ಹೆಜ್ಜೆ ಹಿಂದೆ ಹೋದರು, ವಾರ್ಡನ್ ಹೋಗಲಿಲ್ಲ, ಬಗ್ಗಿ ನೋಡಿದರು. ಅವರು ಬಗ್ಗಿದ್ದನ್ನು ನೋಡಿ ಹಿಂದೆ ಹೋದವರೂ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಬಗ್ಗಿದರು. ಅವನು ದಬ್ಬೆ ತೂರಿಸಿ, ತಿರುವಿ, ಮೆಲ್ಲಗೆ ಎಳೆದು, ಬಂದದ್ದನ್ನು ಬಕೆಟ್ಟಿಗೆ ಹಾಕಿದ. ಸುತ್ತಲಿಲ್ಲ. “ಈ ಹೊರಗಿನ ಪದರ ಇದೆಯಲ್ಲ, ಇದು ಪ್ಲಾಸ್ಟಿಕ್ಕು. ಒಳಗಡೆಯದು ಹಿಟ್ಟಿನ ಥರ, ನೀರು ಕುಡಿದು ಹೀಗಾಗುತ್ತೆ” ಎಂದು ಹೇಳುತ್ತ ಹೋದ, ನಲ್ಲಿ ಯಾಕೆ ಸೋರುತ್ತದೆ ಎಂದು ಹೇಳುವ ಹಾಗೆ. ಒಬ್ಬಳು ಪ್ರಶ್ನೆ ಕೇಳಿದಳು, ಇನ್ನೊಬ್ಬಳು ಅವನಿಗಿಂತ ಚೆನ್ನಾಗಿ ಉತ್ತರ ಹೇಳಿದಳು.

“ಮೇಡಂ” ಎಂದು ಮೇಲಿನಿಂದ ದನಿ ಬಂತು. ಮರ ಕಡಿಯುವವನು ಕವಲಿಗೆ ಕಾಲು ಸುತ್ತಿಕೊಂಡು, ಗರಗಸವನ್ನು ಎದೆಗವುಚಿ, ನೋಡಬಾರದ್ದನ್ನು ನೋಡಿದವನ ಹಾಗೆ ಆಕಾಶದ ಕಡೆ ಮುಖ ಮಾಡಿ ಕೂತಿದ್ದ. “ನಾನು ಇಳೀಲೋ ಬೇಡ್ವೋ?”

ವಾರ್ಡನ್ ತಲೆ ಎತ್ತಲಿಲ್ಲ.

“ಇಳಿದು ಬಾರಪ್ಪ. ನಿನ್ನ ಮನೇಲೂ ಹೆಂಡತಿ ಮಗಳು ಇರ್ತಾರಲ್ಲ, ನೀನೂ ನೋಡು.”